ಮಿಡ್ ಮೋಟರ್ ಕೂಡ್ರಿಸಿದಾಗ ಗೇರ್ ಕೇಬಲ್ಲಿಗೆ ಹೊಸ ದಾರಿ

ಸೈಕಲ್ಲಿಗೆ ಮಿಡ್ ಮೋಟರ್, ಅಂದರೆ ಪೆಡಲ್ ಜಾಗದಲ್ಲಿ ಕೂಡ್ರುವ ಮೋಟರ್ ಹಾಕುವಾಗ ಮೊದಲು ಅಡ್ಡ ಬರುವುದು ಬಿಬಿ (ಪೆಡಲಿನ ಅಚ್ಚು ಕೂಡ್ರುವ ಫ್ರೇಮಿನ ಕೊಳವೆ) ಬುಡದಲ್ಲಿರುವ ಸಣ್ಣ ಪ್ಲಾಸ್ಟಿಕ್ ಗೈಡ್. ಹ್ಯಾಂಡಲ್ ಕಡೆಯಿಂದ ಬಿಬಿಗೆ ಇಳಿಯುವ ಡೌನ್ ಟ್ಯೂಬಿನ ಕೆಳಗಿಂದ ಬರುವ ಎರಡೂ ಗೇರ್ ವೈರ್ ಅದರ ಕಚ್ಚಿನಲ್ಲೇ ತಿರುಗಿ ಹಿಂದೆ ಹೋಗುತ್ತವೆ. ಮೋಟರಿನ ಹೊಟ್ಟೆಗೆ ಬೇಕಾದ ಜಾಗವೂ ಅದೇ. ಗೈಡ್ ಬಿಚ್ಚಿ, ವೈರನ್ನು ಮೋಟರ್ ಮತ್ತು ಫ್ರೇಮಿನ ಸಂದಿಯಲ್ಲಿ ತೂರಿಸಿದರೆ ಸಾಕು ಅನಿಸುತ್ತದೆ. ಸಾಲದು. ಹುಬ್ಬಳ್ಳಿಯಿಂದ ಧಾರವಾಡದ ಕಡೆ ಏರು ಹತ್ತುವಾಗ ಮೋಟರಿನ ಮೈ ಕೂದಲೆಳೆಯಷ್ಟು ತಿರುಗಿದರೂ ವೈರ್ ಜಗ್ಗಿ, ಕೈ ಹಚ್ಚದೆಯೇ ಗೇರ್ ಬದಲಾಗುತ್ತದೆ. ಅದರ ಮೇಲೆ ನಮ್ಮ ಎರಿ ಮಣ್ಣು: ಮಳೆಗಾಲದಲ್ಲಿ ಆ ಸಂದಿಯೊಳಗೆ ಮೆತ್ತಿಕೊಂಡು ಒಣಗಿದರೆ ಸಿಮೆಂಟಿನ ಹಾಗೆ.

ಹಾಗಾಗಿ ಕೆಳದಾರಿಯನ್ನೇ ಬಿಟ್ಟು, ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಶಿಫ್ಟರಿನಿಂದ, ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೇಲರ್‌ವರೆಗೆ ಒಂದೇ ಅಖಂಡ ಔಟರ್ (ವೈರಿನ ಹೊರಕವಚ) ಹಾಕಿ ಫ್ರೇಮಿನ ಮೇಲಿನ ಕೊಳವೆಯಾದ ಟಾಪ್ ಟ್ಯೂಬಿನ ಕೆಳಗಿಂದ, ಸೀಟ್ ಸ್ಟೇ (ಸೀಟಿನಿಂದ ಹಿಂಗಾಲಿಗೆ ಇಳಿಯುವ ಸಣ್ಣ ಕೊಳವೆ) ಗುಂಟ ಇಳಿಸಿದೆ. ಡೌನ್ ಟ್ಯೂಬಿನ ಮೇಲ್ಮೈಯನ್ನು ಹೇಗೂ ಬ್ಯಾಟರಿ ತಿಂದಿರುತ್ತದೆ. ಸೈಕಲ್ 3×7 ಗೇರಿನದು (ಮುಂದೆ ಮೂರು ಹಲ್ಲುಚಕ್ರ ಅಥವಾ ಚೈನ್‌ರಿಂಗ್, ಹಿಂದೆ ಏಳು), ಬಿಬಿ ಅಗಲ 68 ಮಿ.ಮೀ., ಮೋಟರ್ 250 ವ್ಯಾಟ್. ಮೋಟರಿಗೆ ಮುಂದೆ ಒಂದೇ ಚೈನ್‌ರಿಂಗ್ ಇರುವುದರಿಂದ ಮುಂದಿನ ಡಿರೇಲರ್, ಅದರ ಶಿಫ್ಟರ್, ವೈರ್ ಎಲ್ಲ ಹೊರಗೆ. ಉಳಿಯುವುದು ಹಿಂದಿನದೊಂದೇ.

ಔಟರ್ ಕೊಳ್ಳುವಾಗ ಗೇರಿನದೇ ಕೇಳಿ: 4 ಮಿ.ಮೀ. ದಪ್ಪ, ಒಳಗಿನ ತಂತಿಗಳು ಉದ್ದಕ್ಕೆ ಓಡಿರುತ್ತವೆ. ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಾಗಲಿ ಬೇರೆಲ್ಲಾಗಲಿ, "ಎಲ್ಲಾ ಒಂದ ರೀ" ಎಂದು 5 ಮಿ.ಮೀ. ಬ್ರೇಕ್ ಔಟರ್ ಕೊಟ್ಟರೆ ಬೇಡ. ಅದು ಸುರುಳಿ ಸುತ್ತಿದ್ದು, ಎಳೆತಕ್ಕೆ ಕುಗ್ಗುತ್ತದೆ. ಇಷ್ಟು ಉದ್ದಕ್ಕೆ ಏಳು ಗೇರಿನಲ್ಲಿ ಒಂದೂ ಸರಿಯಾಗಿ ಕೂಡ್ರುವುದಿಲ್ಲ. ಇದರ ಉಲ್ಟಾ ಇನ್ನೂ ಅಪಾಯ, ಗೇರ್ ಔಟರನ್ನು ಬ್ರೇಕಿಗೆ ಎಂದೂ ಹಾಕಬಾರದು. ಜೋರಾಗಿ ಬ್ರೇಕ್ ಒತ್ತಿದಾಗ ತುದಿ ಸೀಳಿಹೋಗಬಹುದು. ಇನ್ನರ್ (ಔಟರಿನೊಳಗೆ ಓಡುವ ವೈರ್) 1.2 ಮಿ.ಮೀ., 2.1 ಮೀಟರ್ ಉದ್ದದ್ದು ಸಾಲುತ್ತದೆ.

ಅಳತೆಗೆ ಹುರಿ ಹಿಡಿಯಿರಿ, ಹ್ಯಾಂಡಲ್ಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ನನ್ನ 17 ಇಂಚಿನ ಫ್ರೇಮಿಗೆ 168 ಸೆಂ.ಮೀ. ಬಂತು, 172ಕ್ಕೆ ಕತ್ತರಿಸಿದೆ. ಡಿರೇಲರಿನ ಹಿಂದೆ ಬರುವ ಕೊನೆಯ ಬಳುಕು ಸುಮಾರು 28 ಸೆಂ.ಮೀ.; ಅಲ್ಲಿ ಜಿಪುಣತನ ಮಾಡಿದರೆ ಔಟರ್ ಬಾಯಿಯಲ್ಲೇ ಮುರುಟುತ್ತದೆ. ಸಾದಾ ಪಕ್ಕಡಿನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ. ಕೇಬಲ್ ಕಟರ್ ಬಳಸಿ, ತುದಿಯನ್ನು ಅರದಿಂದ ಸಮ ಮಾಡಿ, ಮುಚ್ಚಿಹೋದ ಒಳಗಿನ ಪ್ಲಾಸ್ಟಿಕ್ ಕೊಳವೆಯನ್ನು ದಬ್ಬಣದಿಂದ ಬಿಡಿಸಿ. ಎರಡೂ ತುದಿಗೆ ಟೊಪ್ಪಿಗೆ.

ಗೇರ್ ಸೆನ್ಸರ್ (ವೈರ್ ಅಲುಗಿದ್ದು ತಿಳಿದು ಗೇರ್ ಬದಲಾಗುವಾಗ ಮೋಟರನ್ನು ಕ್ಷಣ ತಡೆಯುವ ಪುಟ್ಟ ಡಬ್ಬಿ) ಇದ್ದರೆ ಟಾಪ್ ಟ್ಯೂಬಿನ ನೇರ ಭಾಗದಲ್ಲಿ ಔಟರ್ ಕತ್ತರಿಸಿ ಅಲ್ಲಿ ಸೇರಿಸಿ. ಬಾಗಿದ ಕಡೆ ಹಾಕಿದರೆ ಒಳಗೆ ವೈರ್ ಉಜ್ಜಿ, ಗೇರ್ ಬದಲಿಸದಿದ್ದರೂ ಮೋಟರ್ ತಡೆತಡೆದು ನಿಲ್ಲುತ್ತದೆ.

ಕೇಬಲ್ ಟೈ 15–20 ಸೆಂ.ಮೀ.ಗೊಂದು, ಕೆಳಗೆ ಹಳೇ ರಬ್ಬರ್ ಟ್ಯೂಬಿನ ಪಟ್ಟಿ. ಬಿಗಿದ ಮೇಲೂ ಔಟರ್ ಬೆರಳಲ್ಲಿ ತಿರುಗುವಂತಿರಬೇಕು. ಟೈ ತುದಿಯನ್ನು ಸಮನಾಗಿ ಕತ್ತರಿಸಿ, ಇಲ್ಲದಿದ್ದರೆ ತೊಡೆ ಗೀರುತ್ತದೆ. ಕ್ಯಾರಿಯರ್ ಇದ್ದವರು ಅದರ ಬೋಲ್ಟಿನಡಿ ಔಟರ್ ಸಿಕ್ಕಿಹಾಕಿಕೊಂಡಿಲ್ಲವೇ ನೋಡಿಕೊಳ್ಳಬೇಕು. ಗೈಡ್ ಬಿಚ್ಚಿದ ತೂತಿಗೆ ಹಳೇ ಸ್ಕ್ರೂ ವಾಪಸ್ ಹಾಕಬೇಡಿ, ಒಳಗೆ ಇಣುಕಿ ಮೋಟರಿನ ಕೊಳವೆಗೆ ತಾಗುತ್ತದೆ, ಟೇಪ್ ಸಾಕು.

ಚೈನನ್ನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು ಇನ್ನರ್ ಬಿಗಿಯಿರಿ. ಒಮ್ಮೆ ಕೈಯಿಂದ ಗಟ್ಟಿಯಾಗಿ ಜಗ್ಗಿದರೆ ಟೊಪ್ಪಿಗೆಗಳು ಕೂಡ್ರುತ್ತವೆ, ಆಮೇಲೆ ಮತ್ತೆ ಬಿಗಿ. ದೊಡ್ಡ ಹಲ್ಲಿಗೆ ಏರಲು ತಡವಾದರೆ ವೈರ್ ಸಡಿಲ. ವೈರಿನ ಬಿಗಿ ಹೊಂದಿಸುವ ತಿರುಪಾದ ಬ್ಯಾರಲ್ಲನ್ನು ಅರ್ಧ ಸುತ್ತು ಹೊರಗೆ ತಿರುಗಿಸಿ. ಏರುತ್ತದೆ, ಆದರೆ ಸಣ್ಣದಕ್ಕೆ ಇಳಿಯಲು ಸತಾಯಿಸುತ್ತದೆ ಎಂದಾದರೆ ಮೊದಲು ಬ್ಯಾರಲ್ ಮುಟ್ಟಬೇಡಿ. ಆಗ ಸಾಮಾನ್ಯವಾಗಿ ಒಳಗಿನ ತಿಕ್ಕಾಟವೇ ಕಾರಣ, ಸ್ಪ್ರಿಂಗಿಗೆ ವೈರ್ ವಾಪಸ್ ಎಳೆಯಲಾಗುತ್ತಿಲ್ಲ. ಟೈಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದರೆ ಕಳ್ಳ ಸಿಗುತ್ತಾನೆ. ನನ್ನದರಲ್ಲಿ ಸಿಕ್ಕಿದ್ದು ಸೀಟ್ ಕೊರಳಿನ ಹತ್ತಿರದ ಟೈನಲ್ಲಿ.