ಮಕ್ಕಳು ಬಂದರು, ಕೊಠಡಿ ಬರಲಿಲ್ಲ: ಎಸ್‌ಡಿಎಂಸಿ ಎಲ್ಲಿಂದ ಶುರು ಮಾಡಬೇಕು?

ಜೂನ್ ಎರಡನೇ ವಾರ. ನಲಿಕಲಿ (ಪುಟ್ಟ ಮಕ್ಕಳು ಆಡುತ್ತ ಹಾಡುತ್ತ ಕಲಿಯುವ ಪದ್ಧತಿ) ಕೋಣೆಯ ನಡುವೆ ಎರಡು ಕಬ್ಬಿಣದ ಬೀರು ಅಡ್ಡ ನಿಂತಿವೆ. ಆಚೆ ನಾಲ್ಕನೇ ತರಗತಿ, ಈಚೆ ಒಂದರಿಂದ ಮೂರು. ಆಚೆ ಮಗ್ಗಿ ಶುರುವಾದರೆ ಈಚೆ ಹಾಡು ನಿಲ್ಲುತ್ತದೆ. ನೆಲದ ಮೇಲೆ ದುಂಡಗೆ ಕೂರಬೇಕಾದ ಮಕ್ಕಳು ಗೋಡೆಗೆ ಒತ್ತಿಕೊಂಡು ಕೂತಿದ್ದಾರೆ. ಎಲ್‌ಕೆಜಿ, ಇಂಗ್ಲಿಷ್ ಮಾಧ್ಯಮ ಶುರುವಾಗಿ ಮಕ್ಕಳು ಹೆಚ್ಚಿದ ಸರ್ಕಾರಿ ಶಾಲೆಗಳಲ್ಲಿ ಇಂಥ ನೋಟ ಹೊಸದಲ್ಲ.

ನಾನು ಎಸ್‌ಡಿಎಂಸಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇದ್ದಾಗ ನಾವು ಮಾಡಿದ ಮೊದಲ ಕೆಲಸ ಜನಪ್ರತಿನಿಧಿಯ ಮನೆಗೆ ಹೋಗಿದ್ದು. ಕೈಯಲ್ಲಿ ಹಾರ ಇತ್ತು, ಕಾಗದ ಇರಲಿಲ್ಲ. 'ನೋಡೋಣ' ಅಂದರು, ಕಾಫಿ ಕೊಟ್ಟರು. ಒಂದು ವರ್ಷ ಹಾಗೇ ಹೋಯಿತು. ನೀವು ಹಾಗೆ ಮಾಡಬೇಡಿ.

ಮೊದಲು ಎಣಿಸಿ

ಈ ವರ್ಷದ ಮಕ್ಕಳನ್ನಷ್ಟೇ ಅಲ್ಲ, ಮುಂದಿನ ಮೂರು ವರ್ಷಕ್ಕೆ ಬರುವವರನ್ನೂ ಎಣಿಸಿ. ಕಷ್ಟವೇನಿಲ್ಲ. ಊರಿನ ಅಂಗನವಾಡಿ ಟೀಚರ್ ಹತ್ತಿರ ರಿಜಿಸ್ಟರ್ ಇರುತ್ತದೆ. ಮೂರು, ನಾಲ್ಕು, ಐದು ವರ್ಷದವರು ಎಷ್ಟೆಷ್ಟು ಎಂದು ಬರೆದುಕೊಂಡು ಬನ್ನಿ. ಜೊತೆಗೆ, ಈಗಿರುವ ಪ್ರತಿ ಮಗುವಿನ ಹೆಸರೂ ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ತುಂಬುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಏರಿದೆಯೇ ಎಂದು ಮುಖ್ಯಶಿಕ್ಷಕರನ್ನು ಕೇಳಿ. ಯೂ-ಡೈಸ್ ಎಂಬ ದೇಶದ ಶಾಲೆಗಳ ವಾರ್ಷಿಕ ಲೆಕ್ಕಕ್ಕೆ ಸೆಪ್ಟೆಂಬರ್ 30ರ ಸಂಖ್ಯೆಯೇ ಆಧಾರ. ತರಗತಿಯಲ್ಲಿ ಕೂತಿದ್ದೂ ಕಂಪ್ಯೂಟರಿನಲ್ಲಿ ಇಲ್ಲದ ಮಗು ಇಲಾಖೆಯ ಕಣ್ಣಿಗೆ ಬೀಳುವುದಿಲ್ಲ. ಹಾಗೆಂದು ಇಲ್ಲದ ಹೆಸರು ಸೇರಿಸಲು ಹೋಗಬೇಡಿ. ಈಗ ಮಗುವಾರು ವಿವರ ತುಂಬಬೇಕು, ಸಿಕ್ಕಿಬೀಳುತ್ತೀರಿ.

ದುಡ್ಡು ಮೆಟ್ಟಿಲು ಹತ್ತುತ್ತದೆ, ಮಕ್ಕಳ ಜೊತೆ ನಡೆಯುವುದಿಲ್ಲ

ಇದನ್ನು ಅರ್ಥ ಮಾಡಿಕೊಳ್ಳದೆ ಎಷ್ಟೋ ಸಮಿತಿಗಳು ಗೊಣಗುತ್ತವೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಶಾಲಾ ಅನುದಾನ ತಲೆ ಎಣಿಸಿ ಬರುವುದಿಲ್ಲ. ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿಗೆ ವರ್ಷಕ್ಕೆ 25,000 ರೂ., 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000. ಅಂದರೆ 251 ಮಕ್ಕಳಿದ್ದಾಗ ಒಬ್ಬರಿಗೆ ಸುಮಾರು 300 ರೂ. ಬಿದ್ದರೆ, ಸಾವಿರ ಆದಾಗ ಬರೇ 75. ಬೆಳೆದಷ್ಟೂ ಶಾಲೆ ಬಡವಾಗುತ್ತದೆ! ಇದರಲ್ಲೇ ಸೀಮೆಸುಣ್ಣ, ಕರೆಂಟ್ ಬಿಲ್, ನಲ್ಲಿ ರಿಪೇರಿ ಎಲ್ಲ. ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಇಡಬೇಕು. ಕೊಠಡಿ ಕಟ್ಟುವ ಮಾತು ಈ ದುಡ್ಡಿನಲ್ಲಿ ಬೇಡವೇ ಬೇಡ.

ಶಿಕ್ಷಕರಿಗೂ ಹೀಗೇ ಮೆಟ್ಟಿಲು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು, 90ರ ತನಕ ಮೂವರು, 120ರ ತನಕ ನಾಲ್ವರು, 200ರ ತನಕ ಐವರು. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು. ನಿಮ್ಮಲ್ಲಿ 88 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಇನ್ನು ಮೂವರು ಸೇರಿದರೆ ನಾಲ್ಕನೇ ಶಿಕ್ಷಕರನ್ನು ಕೇಳುವ ಹಕ್ಕು ಬರುತ್ತದೆ. ಒಬ್ಬ ಶಿಕ್ಷಕರಿಗೆ ಒಂದು ಕೊಠಡಿ ಇರಬೇಕೆಂದು ಅದೇ ಅನುಸೂಚಿ ಹೇಳುವುದರಿಂದ ಕೊಠಡಿಯ ಬೇಡಿಕೆಯೂ ಅದರ ಬೆನ್ನಿಗೇ ಬರುತ್ತದೆ. ಬಿಸಿಯೂಟದ ಅಡುಗೆಯವರ ಲೆಕ್ಕವನ್ನೂ ಮರೆಯಬೇಡಿ. 25 ಮಕ್ಕಳ ತನಕ ಒಬ್ಬರು, 100ರ ತನಕ ಇಬ್ಬರು, ಆಮೇಲೆ ನೂರಕ್ಕೊಬ್ಬರು.

ಕಾಗದ ಮಾಡಿ

ಕಾಯ್ದೆಯ 22ನೇ ಸೆಕ್ಷನ್ ಶಾಲಾ ಅಭಿವೃದ್ಧಿ ಯೋಜನೆಯ ಕೆಲಸವನ್ನು ಸಮಿತಿಗೇ ವಹಿಸಿದೆ. ಬಹಳ ಕಡೆ ಇದನ್ನು ಮುಖ್ಯಶಿಕ್ಷಕರು ಒಬ್ಬರೇ ರಾತ್ರಿ ಕೂತು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ, ನಾವು ಸಭೆಗೆ ಹೋಗಿರುವುದಿಲ್ಲ. ಯೋಜನೆ ಮೂರು ವರ್ಷದ್ದು. ವರ್ಷವಾರು, ತರಗತಿವಾರು ಮಕ್ಕಳ ಅಂದಾಜು, ಬೇಕಾಗುವ ಶಿಕ್ಷಕರು, ಕಟ್ಟಡ, ಹಣ ಇಷ್ಟೂ ಅದರಲ್ಲಿರಬೇಕು. ಅಂಗನವಾಡಿಯ ಸಂಖ್ಯೆ ಕೆಲಸಕ್ಕೆ ಬರುವುದು ಇಲ್ಲೇ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ ಡಿಸೆಂಬರ್‌ನೊಳಗೆ ಬರೆದು ಮುಗಿಸಿ. ಸಭೆಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ತಾಯಂದಿರ ಸಹಿ ಇರಲಿ. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಲೇಬೇಕು.

ಒಂದೇ ಬಾಗಿಲು ತಟ್ಟಬೇಡಿ

ಶಿಕ್ಷಕರಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಕಾಯಂ ಹುದ್ದೆ ಬರುವ ತನಕ ಅತಿಥಿ ಶಿಕ್ಷಕರನ್ನೋ ಬೇರೆ ಶಾಲೆಯಿಂದ ನಿಯೋಜನೆಯನ್ನೋ ಕೇಳಿ. ಕೊಠಡಿಗೆ ಇಲಾಖೆಯ ಜೊತೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ, ಕಲಬುರಗಿ, ರಾಯಚೂರಿನ ಕಡೆಯವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಕಾಂಪೌಂಡ್, ಶೌಚಾಲಯದಂಥ ಕೆಲಸಕ್ಕೆ ಗ್ರಾಮ ಪಂಚಾಯಿತಿಗೆ ಹೋಗಿ. ಎಂಜಿನಿಯರ್ ಮಾಡಿಕೊಟ್ಟ ಅಂದಾಜು ಪಟ್ಟಿ ಜೊತೆಗಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಪೋಷಕರಿಂದ ಕಡ್ಡಾಯವಾಗಿ ಹಣ ಎತ್ತುವ ಯೋಚನೆ ಮಾತ್ರ ಬಿಡಿ. 2022ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ರೂ. ದೇಣಿಗೆ ಪಡೆಯಬಹುದೆಂದು ಹೊರಟ ಸುತ್ತೋಲೆಯನ್ನು ಗಲಾಟೆಯಾಗಿ ಇಲಾಖೆಯೇ ಹಿಂಪಡೆಯಿತು. ಹಳೆ ವಿದ್ಯಾರ್ಥಿಗಳು ಮನಸ್ಸಾರೆ ಕೊಟ್ಟರೆ ಬೇರೆ ಮಾತು. ಅದೂ ಸಮಿತಿಯ ಖಾತೆಗೆ, ರಸೀದಿ ಸಮೇತ.

ಕೊಠಡಿ ಬರುವ ತನಕ ಆ ಬೀರುಗಳನ್ನು ದೊಡ್ಡ ಮಕ್ಕಳ ಕಡೆಗೆ ಸರಿಸಿ. ನಾಲ್ಕನೇ ತರಗತಿಯವರು ಬೆಂಚಿನಲ್ಲಿ ಇಕ್ಕಟ್ಟಾಗಿ ಕೂತಾದರೂ ಓದಿಯಾರು, ನಲಿಕಲಿಗೆ ನೆಲ ಬೇಕು. ಅರ್ಜಿ ಕೊಟ್ಟ ಕಡೆಯಲ್ಲೆಲ್ಲ ಸ್ವೀಕೃತಿಯ ಮೊಹರು ಹಾಕಿಸಿ, ಎರಡು ಜೆರಾಕ್ಸ್ ತೆಗೆಸಿ. ಒಂದು ಶಾಲೆಯ ಫೈಲಿನಲ್ಲಿರಲಿ, ಇನ್ನೊಂದು ಅಧ್ಯಕ್ಷರ ಮನೆಯಲ್ಲಿ. ಮುಖ್ಯಶಿಕ್ಷಕರಿಗೆ ವರ್ಗವಾದ ಮೇಲೆ ಆ ಫೈಲು ಯಾವ ಬೀರುವಿನಲ್ಲಿದೆ ಎಂದು ಹುಡುಕಿದವನು ನಾನು.