ಫ್ಯಾನ್ ಇಲ್ಲದ ಕ್ಲಾಸ್-ಎ: ಆಂಪ್ಲಿಫೈಯರನ್ನು ಎಣ್ಣೆಯಲ್ಲಿ ಮುಳುಗಿಸಿದ ನನ್ನ ಅನುಭವ

ಕ್ಲಾಸ್-ಎ ಆಂಪ್ಲಿಫೈಯರ್, ಅಂದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಸದಾ ಕರೆಂಟ್ ಹರಿಯುತ್ತಲೇ ಇರುವಂಥದ್ದು, ಕಟ್ಟಿದವರಿಗೆ ಗೊತ್ತು, ಹಾಡು ಇರಲಿ ಇಲ್ಲದಿರಲಿ ಅದು ಬಿಸಿಯಾಗುತ್ತಲೇ ಇರುತ್ತದೆ. ನಾನು ಕಟ್ಟಿದ್ದು ಬ್ರಿಟಿಷ್ ಎಂಜಿನಿಯರ್ ಜಾನ್ ಲಿನ್ಸ್ಲಿ ಹುಡ್ 1969ರಲ್ಲಿ ಪ್ರಕಟಿಸಿದ 10 ವ್ಯಾಟ್ ಸರ್ಕ್ಯೂಟ್. 8 ಓಮ್ ಸ್ಪೀಕರಿಗೆ ಒಂದೊಂದು ಚಾನಲ್ ಎಳೆಯುವುದು 27 ವೋಲ್ಟ್, 1.2 ಆಂಪಿಯರ್. ಎರಡು ಚಾನಲ್ ಸೇರಿದರೆ ಸುಮಾರು 65 ವ್ಯಾಟ್ ಬಿಸಿ. ಫ್ಯಾನ್ ಸದ್ದು ನನಗೆ ಬೇಡವಾಗಿತ್ತು. ಅದಕ್ಕೇ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ (ವಿದ್ಯುತ್ ಟ್ರಾನ್ಸ್‌ಫಾರ್ಮರುಗಳನ್ನು ತಂಪಾಗಿಡಲು ತುಂಬುವ ಎಣ್ಣೆ) ಇಳಿಸಿದೆ.

ಎಣ್ಣೆ ಹಾಕಿದರೆ ಬಿಸಿ ಮಾಯವಾಗುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಎಣ್ಣೆ ಬಿಸಿಯನ್ನು ಪಾತ್ರೆಯ ಗೋಡೆಗೆ ಮುಟ್ಟಿಸುತ್ತದೆ, ಅಷ್ಟೇ. ಅಲ್ಲಿಂದ ಗಾಳಿಗೆ ಬಿಡುವುದು ಪಾತ್ರೆಯ ಮೈ. ನನ್ನದು 20 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ಅಲ್ಯೂಮಿನಿಯಂ ಡಬ್ಬ. ಆರು ಲೀಟರ್ ಎಣ್ಣೆ ನಿಮಿಷಕ್ಕೆ ಅರ್ಧ ಡಿಗ್ರಿಯೂ ಏರುವುದಿಲ್ಲ. ಅದನ್ನು ನೋಡಿ ನಿಶ್ಚಿಂತೆಯಿಂದ ಇರಬೇಡಿ, ಅದು ಗಂಟೆಗಟ್ಟಲೆ ಏರುತ್ತಲೇ ಹೋಗುತ್ತದೆ. ಕೋಣೆಗಿಂತ 40 ಡಿಗ್ರಿಯಷ್ಟು ಮೇಲೆ ನಿಲ್ಲಬೇಕು ಎನ್ನುವುದು ಲೆಕ್ಕ. ಅದೂ ಡಬ್ಬದ ಹೊರಗೆ ಕಪ್ಪು ಮ್ಯಾಟ್ ಬಣ್ಣ ಹೊಡೆದರೆ ಮಾತ್ರ. ಹೊಳೆಯುವ ಅಲ್ಯೂಮಿನಿಯಂ ಬಿಸಿಯನ್ನು ಸರಿಯಾಗಿ ಹೊರಸೂಸುವುದಿಲ್ಲ.

ನನಗೆ ತುಂಬಾ ಇಷ್ಟವಾದ ಅನುಕೂಲ ಇನ್ನೊಂದು. ಎಣ್ಣೆಯಲ್ಲಿ ಕರೆಂಟ್ ಹರಿಯದು. ಒಂದೊಂದು ಔಟ್‌ಪುಟ್ ಟ್ರಾನ್ಸಿಸ್ಟರಿಗೂ (2ಎನ್3055) ಬೇರೆ ಬೇರೆ ತಗಡು ಕೊಟ್ಟೆ, ಟ್ರಾನ್ಸಿಸ್ಟರಿನಿಂದ ತಗಡಿಗೆ ಕರೆಂಟ್ ಹೋಗದಂತೆ ತಡೆಯುವ ಮೈಕಾ ವಾಷರ್ ಬೇಕಾಗಲೇ ಇಲ್ಲ. ತಗಡುಗಳು ಒಂದಕ್ಕೊಂದು, ಡಬ್ಬಕ್ಕೆ ತಾಗದಿದ್ದರೆ ಸಾಕು.

ಎಣ್ಣೆ ಹೊಸದೇ ಇರಲಿ. ಹಳೇ ಟ್ರಾನ್ಸ್‌ಫಾರ್ಮರಿನದ್ದರಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷ ಇರಬಹುದು. ಅಡುಗೆ ಎಣ್ಣೆ ಬೇಡವೇ ಬೇಡ, ಕಮಟು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯಂತೂ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಅಲ್ವಾ?

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ವಾಲ್ಯೂಮ್ ಕಂಟ್ರೋಲ್ ಹೊರಗೇ ಇಟ್ಟೆ. ಕೆಪಾಸಿಟರಿನ ರಬ್ಬರ್ ಎಣ್ಣೆಯಲ್ಲಿ ಉಬ್ಬುತ್ತದೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಕೂಡ ಹೊರಗೆ, 230 ವೋಲ್ಟ್ ಡಬ್ಬದೊಳಗೆ ಹೋಗಲೇಬಾರದು. ಪಿವಿಸಿ ವೈರ್ ಎಣ್ಣೆಯಲ್ಲಿ ಬರಬರುತ್ತಾ ಸೆಟೆದುಕೊಳ್ಳುತ್ತದೆ. ಎಳೆ ಎಳೆಯ ವೈರಾದರೆ ದೀಪದ ಬತ್ತಿಯ ಹಾಗೆ ಎಣ್ಣೆಯನ್ನು ಮೇಲಕ್ಕೆ ಎಳೆದು ಸ್ಪೀಕರ್ ಟರ್ಮಿನಲ್‌ವರೆಗೂ ತರುತ್ತದೆ. ಹಾಗಾಗಿ ಮುಚ್ಚಳ ದಾಟುವ ಕಡೆ ಒಂದೇ ಎಳೆಯ ಗಟ್ಟಿ ಎನಾಮೆಲ್ ತಂತಿ ಹಾಕಿದೆ. ಡಬ್ಬದ ಬದಿಗೆ ಒಂದು ತೂತೂ ಕೊರೆದಿಲ್ಲ.

ಎಲ್ಲವೂ ಮುಚ್ಚಳಕ್ಕೇ ನೇತು ಬಿದ್ದಿದೆ. ರಿಪೇರಿಗೆ ಮುಚ್ಚಳ ಎತ್ತಿ ರಾತ್ರಿಯಿಡೀ ಸೋರಲು ಬಿಟ್ಟರಾಯಿತು. ಕಾದಾಗ ಎಣ್ಣೆ ಹಿಗ್ಗುತ್ತದೆ, ಮೇಲೆ ಎರಡು ಬೆರಳು ಜಾಗ ಬಿಡಿ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತೂ ಇರಲಿ.