ದನಿ ಕಟ್ಟುವ ಮೊದಲೇ ಗುರುತು ಹಿಡಿಯುವ ನನ್ನ ಕ್ರಮ

ಗಂಟಲು ನೋಯಲಿ, ಆಮೇಲೆ ನೋಡೋಣ ಎಂದು ನಾನು ಕಾಯುವುದಿಲ್ಲ. ಗಂಟಲೊಳಗೆ ಕಂಪಿಸಿ ದನಿ ಹೊರಡಿಸುವ ಧ್ವನಿತಂತುಗಳು ಊದಿಕೊಂಡರೂ ಎಷ್ಟೋ ಸಲ ನೋವೇ ಇರುವುದಿಲ್ಲ. ನೋಯುವುದು ಹೆಚ್ಚಾಗಿ ಸುತ್ತಲಿನ ಬಿಗಿದ ಸ್ನಾಯುಗಳು. ಊದಿದಾಗ ಮೊದಲು ಕೈಕೊಡುವುದು ಮೆತ್ತಗೆ ತೆಗೆಯುವ ಎತ್ತರದ ಸ್ವರ. ಹಾಗಾಗಿ ಬೆಳಿಗ್ಗೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ನನಗೆ ಸಲೀಸಾಗಿ ಸಿಗುವ ಒಂದು ಎತ್ತರದ ಸ್ವರದಲ್ಲಿ ‘ಊ’ ಎಂದು ಐದು ಸಲ ಚಿಕ್ಕದಾಗಿ, ಮಗು ಎಚ್ಚರವಾಗದಷ್ಟು ಮೆತ್ತಗೆ ಎಳೆಯುತ್ತೇನೆ. ಮೊದಲು ಗಾಳಿ ಬಂದು ಆಮೇಲೆ ಸ್ವರ ಹತ್ತಿದರೆ ತಂತುಗಳ ಅಂಚು ಊದಿದೆ ಎಂದು ಲೆಕ್ಕ. ಜೋರು ಮಾಡಿದರೆ ಅದೇ ಸ್ವರ ಬಂದುಬಿಡುತ್ತದೆ, ಮೋಸ ಹೋಗುವುದು ಅಲ್ಲೇ.

ಹೆಂಗಸರ ಮಾತಿನಲ್ಲಿ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ನಡುವಿನ ಬಿಡುವು ಬಿಟ್ಟು ದನಿ ಹೊರಡುವ ಹೊತ್ತನ್ನಷ್ಟೇ ಲೆಕ್ಕ ಹಿಡಿದರೆ, ಒಂದು ಗಂಟೆಗೆ ಏಳು ಲಕ್ಷ ದಾಟುತ್ತದೆ. ಪೆಟ್ಟು ಹೆಚ್ಚು ಬೀಳುವುದು ಕಂಪಿಸುವ ಭಾಗದ ನಡುವಿಗೆ. ಅಲ್ಲಿ ನೀರು ತುಂಬಿ ತಂತು ಭಾರವಾಗುತ್ತದೆ, ಸ್ವರ ಇಳಿಯುತ್ತದೆ, ಗಾಳಿ ಸೋರುತ್ತದೆ. ಸೋರಿಕೆ ಮುಚ್ಚಲು ಇನ್ನಷ್ಟು ಒತ್ತುತ್ತೇವೆ, ಪೆಟ್ಟು ಇನ್ನಷ್ಟು ಬಿರುಸಾಗುತ್ತದೆ. ವಾರಗಟ್ಟಲೆ ಇದೇ ನಡೆದರೆ ಎರಡೂ ತಂತುಗಳಲ್ಲಿ ಎದುರುಬದುರು ಗಂಟು ಕೂರುತ್ತದೆ. ಒಂದೇ ಕೂಗಿಗೆ ದನಿ ಥಟ್ಟನೆ ನಿಂತರೆ ಕಥೆ ಬೇರೆ: ಒಳಗೆ ರಕ್ತನಾಳ ಒಡೆದಿರಬಹುದು. ಆಗ ಪೂರ್ತಿ ಮೌನ, ನೇರ ಕಿವಿ-ಮೂಗು-ಗಂಟಲು ವೈದ್ಯರ ಬಳಿಗೆ.

ದಿನದ ಸಾಧನೆಗೆ ಅರ್ಧ ಲೋಟ ನೀರು, 5–6 ಮಿ.ಮೀ. ಅಗಲದ ಸ್ಟ್ರಾ ಸಾಕು. ತುದಿಯನ್ನು 2–3 ಸೆಂ.ಮೀ. ಮುಳುಗಿಸಿ, ಗುಳ್ಳೆ ಒಂದೇ ಸಮ ಏಳುವಂತೆ ‘ಊ’ ಎನ್ನುತ್ತ ಕೆಳಗಿನಿಂದ ಮೇಲಕ್ಕೆ ಜಾರುತ್ತೇನೆ. ಮಾತಿಗೆ ಮುಂಚೆ ಐದು ನಿಮಿಷ, ನಡುನಡುವೆ ಎರಡೆರಡು. ನೀರಿನ ಎದುರೊತ್ತಡ ಗಂಟಲಿನತ್ತ ಮರಳಿ ತಂತುಗಳ ತಾಗಾಟವನ್ನು ಹಗುರ ಮಾಡುತ್ತದೆ. ಸ್ಟ್ರಾ ಆಳಕ್ಕಿಳಿದರೆ ಮತ್ತೆ ಒತ್ತಲು ಶುರುಮಾಡುತ್ತೇವೆ. ಮೂಗು ಹಿಡಿದಾಗ ಸದ್ದು ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ.

ಕುಡಿದ ನೀರು ತಂತುಗಳನ್ನು ಮುಟ್ಟುವುದೇ ಇಲ್ಲ, ಮುಟ್ಟಿದರೆ ಕೆಮ್ಮು ಬರುತ್ತದೆ! ಅದು ರಕ್ತದ ಮೂಲಕವೇ ಬರಬೇಕು. ಅದಕ್ಕೇ ಬೆಳಗಿನಿಂದ ಗುಟುಕು ಗುಟುಕಾಗಿ ಕುಡಿಯುತ್ತಿರುತ್ತೇನೆ. ನೇರ ತಲುಪುವುದು ಹಬೆ. ಖರ್‌ಖರ್ ಎಂದು ಗಂಟಲು ಸರಿಮಾಡುವುದನ್ನು ಬಿಟ್ಟು ಉಗುಳು ನುಂಗುತ್ತೇನೆ. ಒತ್ತಿ ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ. ಗಂಟಲು ಮರಗಟ್ಟಿಸುವ ಗುಳಿಗೆ ಚೀಪಿ ವೇದಿಕೆ ಹತ್ತುವುದಂತೂ ಬೇಡವೇ ಬೇಡ.

ಗದ್ದಲದಲ್ಲಿ ನಮಗೆ ಗೊತ್ತಿಲ್ಲದೆಯೇ ದನಿ ಏರುತ್ತದೆ. ಮೈಕ್ ಇಲ್ಲದಿದ್ದರೆ ಕೇಳುವವರ ಹತ್ತಿರ ಹೋಗುತ್ತೇನೆ. ಒಡಕು ದನಿ ನಾಲ್ಕು ವಾರಕ್ಕೂ ಹೋಗದಿದ್ದರೆ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿಸಲೇಬೇಕು. ಬೀಡಿ-ಸಿಗರೇಟು ಸೇದುವವರು, ಕತ್ತಿನಲ್ಲಿ ಗಡ್ಡೆ ಕಂಡವರು, ಉಗುಳಿನಲ್ಲಿ ರಕ್ತ ಬಂದವರು, ಉಸಿರಾಡಲು ಇಲ್ಲವೇ ನುಂಗಲು ಕಷ್ಟವಾದವರು ಅಷ್ಟೂ ಕಾಯಬಾರದು.